ತೋಟ ತುಂಬಿದೆ, ಗುಡಾಣ ಬರಿದಾಗಿದೆ



ನಮ್ಮ ಸಂಘದ ಯಾವ ಸಭೆಗೆ ಹೋದರೂ, ಕಾಫಿ ಕುಡಿಯುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. “ಅನ್ನಭಾಗ್ಯ ಬಂತು, ಆಳು ಹೋಯಿತು” ಎಂಬುದೇ ಆ ಮಾತು. 2013ರ ಜುಲೈ ತಿಂಗಳಲ್ಲಿ ಆ ಯೋಜನೆ ಆರಂಭವಾದಂದಿನಿಂದ ಇಂದಿನವರೆಗೆ ಇದನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಕೇಳಿದ್ದಷ್ಟೇ ಅಲ್ಲ, ನಾನೂ ಆಡಿದ್ದೇನೆ. ಪುಕ್ಕಟೆ ಅಕ್ಕಿ ಸಿಕ್ಕಿದ ಮೇಲೆ ದುಡಿಯುವವರಾರು, ತೋಟಕ್ಕೆ ಬರುವವರಾರು ಎಂದು ತಲೆಯಾಡಿಸಿ, ಎರಡನೆಯ ಲೋಟ ಕಾಫಿಗೆ ಕೈ ಚಾಚಿದವರಲ್ಲಿ ಈ ಲೇಖಕನೂ ಒಬ್ಬ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಈ ಲೇಖನ.

ನನ್ನದು ಅರಕಲಗೂಡು ತಾಲ್ಲೂಕಿನಲ್ಲಿ ಮೂರೂವರೆ ಎಕರೆ. ಎರಡು ಎಕರೆ ಅಡಿಕೆ, ಅದರ ನಡುವೆ ಒಂದಿಷ್ಟು ಕಾಫಿ, ಮೆಣಸು, ಉಳಿದದ್ದು ಹೊಲ. 2025ರ ಗೌರಿ ಹಬ್ಬದ ಹಿಂದಿನ ವಾರ ಅಡಿಕೆ ಸುಲಿಯುವ ಕೆಲಸ ಜೋರಾಗಿತ್ತು. ಹತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುತ್ತಿರುವ ಹೆಣ್ಣುಮಗಳೊಬ್ಬಳು ಸಂಜೆ ಹೊರಡುವಾಗ, “ನಾಳೆ ಬರಲ್ಲ ಕಣಣ್ಣ, ಸೊಸೈಟಿಗೆ ಹೋಗ್ಬೇಕು” ಎಂದಳು. “ನಿನ್ನೆಯೂ ಅದೇ ಅಂದೆಯಲ್ಲಮ್ಮ, ನಿನ್ನ ಅಕ್ಕಿ ಮುಗಿಯೋದೇ ಇಲ್ವಾ?” ಎಂದು ನಾನು ಸಿಡುಕಿದೆ. ಆಕೆ ಏನೂ ಹೇಳದೆ ಎರಡೂ ಅಂಗೈಗಳನ್ನು ಚಾಚಿ ತೋರಿಸಿದಳು. ಅಡಿಕೆಯ ಚೊಗರು ಹತ್ತಿ ಕಪ್ಪಾದ ಬೆರಳುಗಳು, ಮೆಟ್ಟುಗತ್ತಿಯ ಮೇಲೆ ಆಡಿ ಆಡಿ ಸವೆದು ನುಣ್ಣಗಾದ ಹೆಬ್ಬೆಟ್ಟು. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಒಪ್ಪಲಿಲ್ಲವಂತೆ. ಮೊದಲ ದಿನ ಯಂತ್ರಕ್ಕೆ ಸಂಪರ್ಕವೇ ಸಿಗದೆ ಮಧ್ಯಾಹ್ನದವರೆಗೆ ಕೂತು ಬಂದಿದ್ದಳು. ಎರಡನೆಯ ದಿನ ಬೆರಳು ಕೂಡಲಿಲ್ಲ. ಮೂರನೆಯ ದಿನಕ್ಕೆ ಶಾಲೆಗೆ ಹೋಗುವ ಮಗನನ್ನು ರಜೆ ಹಾಕಿಸಿ, ಅವನ ಬೆರಳು ಕೊಡಿಸಲು ಕರೆದುಕೊಂಡು ಹೋಗಬೇಕಾಗಿತ್ತು. ಅಂಗಡಿ ಇರುವುದು ಅವಳ ಮನೆಯಿಂದ ಐದು ಕಿಲೋಮೀಟರ್ ದೂರದಲ್ಲಿ. ಹೋಗುವಾಗ ನಡಿಗೆ, ಬರುವಾಗ ಮೂಟೆಯ ಜೊತೆ ಆಟೋ, ನೂರು ರೂಪಾಯಿ.

ಆ ರಾತ್ರಿ ಹಾಜರಿ ಪುಸ್ತಕ ತೆರೆದು ಒಂದು ಸಣ್ಣ ಲೆಕ್ಕ ಹಾಕಿದೆ. ನಮ್ಮಲ್ಲಿ ಹೆಣ್ಣಾಳಿಗೆ ದಿನಕ್ಕೆ 400 ರೂಪಾಯಿ ಕೂಲಿ. ಮೂರು ದಿನಕ್ಕೆ 1,200, ಆಟೋಕ್ಕೆ 100. ಅವಳ ಮನೆಯಲ್ಲಿ ನಾಲ್ಕು ಜನ. ಆಗ ತಲೆಗೆ ಹತ್ತು ಕಿಲೋದಂತೆ ನಲವತ್ತು ಕಿಲೋ ಧಾನ್ಯ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಸರ್ಕಾರ ಅದರ ಬದಲು ಹಣ ಕೊಟ್ಟಾಗ ಕಿಲೋಗೆ 34 ರೂಪಾಯಿಯಂತೆ ಕಟ್ಟಿತ್ತಲ್ಲ, ಅದೇ ದರ ಹಿಡಿದರೆ ನಲವತ್ತು ಕಿಲೋಗೆ 1,360 ರೂಪಾಯಿ. ಅಂದರೆ ಪುಕ್ಕಟೆಯೆಂದು ನಾವು ಹೊಟ್ಟೆಕಿಚ್ಚು ಪಡುತ್ತಿರುವ ಆ ಅಕ್ಕಿಯಲ್ಲಿ ಆಕೆಗೆ ದಕ್ಕಿದ್ದು ಅರವತ್ತು ರೂಪಾಯಿ! ಎಲ್ಲ ತಿಂಗಳೂ ಮೂರು ದಿನ ಹೋಗುವುದಿಲ್ಲ, ನಿಜ. ಒಂದು ದಿನವಂತೂ ಹೋಗಿಯೇ ಹೋಗುತ್ತದೆ. ತೋಟಕ್ಕೆ ಆಳು ಬಾರದ ದಿನಗಳಲ್ಲಿ ಎಷ್ಟು ದಿನ ಸೋಮಾರಿತನದ್ದು, ಎಷ್ಟು ದಿನ ಸರತಿಯ ಸಾಲಿನದ್ದು ಎಂದು ನಮ್ಮಲ್ಲಿ ಯಾರಾದರೂ ಎಣಿಸಿದ್ದೇವೆಯೆ?

ಹೊರದೇಶಗಳಲ್ಲಿ ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: ಆಹಾರದ ಮರುಭೂಮಿ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಾತು. ಅಮೆರಿಕದ ಕೃಷಿ ಇಲಾಖೆ ಹಳ್ಳಿಗಾಡಿನಲ್ಲಿ ಒಳ್ಳೆಯ ದಿನಸಿ ಅಂಗಡಿ ಹತ್ತು ಮೈಲಿಗಿಂತ, ಎಂದರೆ ಹದಿನಾರು ಕಿಲೋಮೀಟರಿಗಿಂತ, ದೂರವಿದ್ದರೆ ಅಂಥ ಪ್ರದೇಶವನ್ನು ಈ ಲೆಕ್ಕಕ್ಕೆ ಹಿಡಿಯುತ್ತದೆ. ಅಲ್ಲಿಯ ವಿಚಿತ್ರವೇನೆಂದರೆ, ಇಂಥ ಎಷ್ಟೋ ಸೀಮೆಗಳು ಕಣ್ಣು ಹಾಯುವಷ್ಟು ದೂರ ಜೋಳ, ಸೋಯಾ ಬೆಳೆಯುವ ಸೀಮೆಗಳು. ಬೆಳೆದವನು ಲಾರಿಗೆ ತುಂಬಿ ಕಳಿಸಿ, ತಾನು ತಿನ್ನಲು ಕಾರು ಹತ್ತಿ ಪಟ್ಟಣಕ್ಕೆ ಹೋಗಬೇಕು. ಕಾರಿಲ್ಲದ ಮುದುಕರ ಗತಿ ಅಧೋಗತಿ. ಇದನ್ನು ಓದಿ ನಾವು ನಗಬಹುದು. ಆದರೆ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಸಿರಿನ ನಡುವೆ ಒಮ್ಮೆ ಬೈಸಿಕಲ್ಲಿನಲ್ಲಿ ಸುತ್ತಿ ಬಂದು ಆಮೇಲೆ ನಗೋಣ. ಮರುಭೂಮಿ ಎಂದರೆ ಮರಳೇ ಇರಬೇಕೆಂದಿಲ್ಲ. ಅಡಿಕೆಯ ನೆರಳೂ ಇರಬಹುದು.

ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ನೀರಿನಡಿ ಎಷ್ಟೋ ಊರುಗಳ ಹೊಲಗದ್ದೆಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳು ಇಂದಿಗೂ ಹಿನ್ನೀರಿನಲ್ಲಿ ನಿಂತು ಅದನ್ನು ಹೇಳುತ್ತಿವೆ. ಆ ತ್ಯಾಗಕ್ಕೆ ಪ್ರತಿಯಾಗಿ ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಕಡೆಗೂ, ಬಲದಂಡೆಯ ನಾಲೆ ಹೊಳೆನರಸೀಪುರ, ಅರಕಲಗೂಡಿನ ಕಡೆಗೂ ಹರಿದವು. ನೀರು ಬಂದರೆ ಅನ್ನ ಬಂತು ಎಂದೇ ಆಗ ಎಲ್ಲರ ಎಣಿಕೆ. ಹೊಳೆನರಸೀಪುರದ ಶ್ರೀರಾಮದೇವರ ಕಟ್ಟೆಯ ಕೆಳಗೆ, ನಮ್ಮ ಕಟ್ಟೇಪುರದ ನಾಲೆಯ ಕೆಳಗೆ ಹಿಂದಿನಿಂದಲೂ ಭತ್ತದ ಬಯಲು. ರಾಜಮುಡಿ ಅಕ್ಕಿಯೆಂದರೆ ಈ ಎರಡು ತಾಲ್ಲೂಕುಗಳ ಹೆಸರನ್ನೇ ಹೇಳುತ್ತಿದ್ದರು. ಹೊಸ ನಾಲೆಗಳಿಂದ ಅಂಥ ಬಯಲು ಇನ್ನಷ್ಟು ವಿಸ್ತಾರವಾದೀತೆಂದು ಜನ ನಂಬಿದ್ದರು. ಆದರೆ ನೀರು ಬಂದಲ್ಲಿ ಭತ್ತ ಬಂದದ್ದು ಕೆಲವು ಕಾಲ ಮಾತ್ರ. ಆಮೇಲೆ ಅದೇ ಗದ್ದೆಗೆ ಏರುಮಡಿ ಕಟ್ಟಿ, ಬಸಿಗಾಲುವೆ ತೆಗೆದು ಅಡಿಕೆ ಸಸಿ ನೆಟ್ಟೆವು.

ಚನ್ನರಾಯಪಟ್ಟಣದ ಕಡೆ ತೆಂಗು. ಬರ, ನುಸಿ, ಕಪ್ಪುತಲೆ ಹುಳು ಇವುಗಳಿಂದ ತೆಂಗು ಸೊರಗಿದ ಮೇಲೆ ಅಲ್ಲಿಯೂ ಕೊಳವೆಬಾವಿಯ ಬುಡದಲ್ಲಿ ಅಡಿಕೆ. ಹಾಸನದ ಸುತ್ತ ಆಲೂಗಡ್ಡೆ ಇತ್ತು. ಜಲಂಧರದ ಬಿತ್ತನೆ ಗೆಡ್ಡೆ, ಅಂಗಮಾರಿ ರೋಗ, ಸಾಲ, ಈ ಮೂರರ ನಡುವೆ ಅದು ಸೊರಗಿತು. ಆ ಜಾಗಕ್ಕೆ ಶುಂಠಿ, ಮುಸುಕಿನ ಜೋಳ ಬಂದವು. ನಮ್ಮ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಹೊಗೆಸೊಪ್ಪು, ಶುಂಠಿ, ಅಡಿಕೆ, ಕಾಫಿ: ಒಲೆಯ ಮೇಲೆ ಇಟ್ಟು ಮಕ್ಕಳ ಹೊಟ್ಟೆ ತುಂಬಿಸಬಹುದಾದದ್ದು ಇವುಗಳಲ್ಲಿ ಯಾವುದು ಹೇಳಿ?

ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾನೂ ಗದ್ದೆ ಮುಚ್ಚಿದವನೇ. ಸರ್ಕಾರ 2025-26ರ ಹಂಗಾಮಿಗೆ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಡಿಕೆಯ ಕ್ವಿಂಟಲ್ ಅದರ ಎಂಟು ಹತ್ತು ಪಟ್ಟು ತರುತ್ತದೆ. ಮಗಳ ಮದುವೆ, ಮಗನ ಕಾಲೇಜು ಫೀಸು, ಇವನ್ನು ರಾಗಿಯಿಂದ ಕಟ್ಟಿದವರನ್ನು ನಾನು ಕಂಡಿಲ್ಲ. ಆದುದರಿಂದ ತೋಟ ಕಿತ್ತು ರಾಗಿ ಬಿತ್ತಿರಿ ಎಂದು ಹೇಳುವ ಹುಚ್ಚುತನಕ್ಕೆ ನಾನು ಹೋಗುವುದಿಲ್ಲ. ನಾನು ಹೇಳುವುದಿಷ್ಟೆ: ಮಾರುವ ಬೆಳೆ ಹೆಚ್ಚಿದ್ದು ತಪ್ಪಲ್ಲ, ತಿನ್ನುವ ಬೆಳೆಯನ್ನು ಒಂದು ಗುಂಟೆಯೂ ಉಳಿಯದಂತೆ ಒರೆಸಿಹಾಕಿದ್ದು ತಪ್ಪು. ಆ ತಪ್ಪಿನ ಮೊದಲ ಪೆಟ್ಟು ಬಿದ್ದದ್ದು ನಮಗಲ್ಲ, ನಮ್ಮ ಹೊಲವನ್ನೇ ನಂಬಿದ್ದ ಕೂಲಿಯವರಿಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ರಾಗಿ ಕೊಯ್ಲಿಗೆ ಬಂದವರಿಗೆ ಕೂಲಿ ಎಂದರೆ ಹೊರೆ, ಕಣದಲ್ಲಿ ಕೆಲಸ ಮಾಡಿದವರಿಗೆ ಮೊರದಲ್ಲಿ ಅಳೆದ ಕಾಳು. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಇದ್ದ ವ್ಯವಸ್ಥೆ ಅದು. ಅದನ್ನು ಹೊಗಳುವುದಕ್ಕೆ ನನಗೆ ಮನಸ್ಸಿಲ್ಲ. ಆದರೂ ಕೂಲಿಯವನ ಮನೆಯ ಮಡಕೆಗೆ ಆರು ತಿಂಗಳ ಕಾಳು ಊರೊಳಗಿನಿಂದಲೇ ಬರುತ್ತಿತ್ತು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಇತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಎಲ್ಲವೂ ಅದೇ ಹೊಲದಲ್ಲಿ, ಅದೇ ಮಳೆಗೆ. ಒಂದು ಎಕರೆ ಹೊಲವೆಂದರೆ ಒಂದು ದಿನಸಿ ಅಂಗಡಿ. ಕಳೆ ಕೀಳಲು ಬಂದ ಹೆಂಗಸರು ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ಕಟ್ಟಿಕೊಂಡು ಹೋಗುತ್ತಿದ್ದರು: ಅಣ್ಣೆ ಸೊಪ್ಪು, ಹೊನಗೊನೆ, ಗಣಿಕೆ, ಕಿರಕೀಲೆ. ರಾತ್ರಿ ಬಸ್ಸಾರು, ಮುದ್ದೆ. ಅದಕ್ಕೆ ಯಾರೂ ಕಾಸು ಕೊಡಬೇಕಾಗಿರಲಿಲ್ಲ, ಯಾರೂ ಹೆಬ್ಬೆಟ್ಟು ಒತ್ತಬೇಕಾಗಿರಲಿಲ್ಲ.

ಈಗ ಕಳೆ ಕೀಳುವುದಕ್ಕೆ ಆಳು ಸಿಗುವುದಿಲ್ಲವೆಂದು ಕಳೆನಾಶಕ ಹೊಡೆಯುತ್ತೇವೆ. ಒಂದು ವಾರದಲ್ಲಿ ತೋಟದ ನೆಲ ಸುಟ್ಟ ಕಂಬಳಿಯಂತೆ ಕೆಂಪಾಗುತ್ತದೆ. ಅದರೊಂದಿಗೆ ಸುಟ್ಟುಹೋದದ್ದು ನಾಲ್ಕು ಮನೆಯ ಸಾರು ಎಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ. ಮಲೆನಾಡಿನಂಚಿನ ಕಾಫಿ ತೋಟಗಳಲ್ಲಿ ಹಲಸಿನ ಮರವಿತ್ತು. ಮುಂಗಾರಿನ ಬಡ ತಿಂಗಳುಗಳಲ್ಲಿ ಅದರ ಕಾಯಿ, ಹಣ್ಣು, ಬೀಜ ಮೂರೂ ಊಟಕ್ಕೆ ಬರುತ್ತಿದ್ದವು. ಆನೆ ಬರುತ್ತದೆಂದು ಎಷ್ಟೋ ಕಡೆ ಎಳೆಗಾಯಿಯಲ್ಲೇ ಕೊಯ್ದು ಹಾಕುತ್ತಾರೆ, ಮರವನ್ನೇ ಕಡಿದವರೂ ಇದ್ದಾರೆ. ಅವರನ್ನು ತಪ್ಪೆನ್ನುವುದು ಕಷ್ಟ. ಆನೆಯ ಕಾಲ ಕೆಳಗೆ ಕಾಫಿ ಗಿಡ ಮಾತ್ರವಲ್ಲ, ಮನುಷ್ಯರೂ ಸತ್ತಿದ್ದಾರೆ. ಇನ್ನು ಹಾಲು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಿದ್ದೆವು. ಈಗ ಕೈ ಕೆಸರಾಗುತ್ತದೆ, ಮೊಸರಾಗಬೇಕಾದ ಹಾಲು ಡೇರಿಗೆ ಹೋಗುತ್ತದೆ, ಬಾಯಿಗೆ ಬಿಸ್ಕತ್ತು ಬರುತ್ತದೆ. ನಮ್ಮೂರಿನ ಪೆಟ್ಟಿ ಅಂಗಡಿಯಲ್ಲಿ ಒಮ್ಮೆ ನಿಂತು ನೋಡಿದೆ. ಐದು ರೂಪಾಯಿಯ ಬಿಸ್ಕತ್ತು, ಹತ್ತು ಬಗೆಯ ಕುರುಕಲು ತಿಂಡಿಯ ಪೊಟ್ಟಣ, ಗುಟ್ಕಾ, ತಂಪು ಪಾನೀಯ. ಟೊಮೆಟೊ, ಈರುಳ್ಳಿ ಉಂಟು. ತೊಗರಿ ಬೇಳೆ ಕಾಲು ಕಿಲೋ ಪೊಟ್ಟಣ ಉಂಟು, ಪೇಟೆಗಿಂತ ಹೆಚ್ಚಿನ ಬೆಲೆಗೆ. ಸೊಪ್ಪಿಲ್ಲ, ಕಾಳಿಲ್ಲ, ರಾಗಿ ಹಿಟ್ಟಿಲ್ಲ. ಅಂಗಡಿಯವನನ್ನು ಕೇಳಿದರೆ, “ಹಳ್ಳೀಲಿ ಸೊಪ್ಪು ಯಾರು ಕೊಳ್ತಾರೆ ಗೌಡ್ರೇ, ಎಲ್ರ ಹೊಲದಾಗೂ ಇರ್ತದೆ” ಎಂದ. ಪಾಪ, ಅವನು ಇನ್ನೂ ಹಳೆಯ ಕಾಲದಲ್ಲೇ ಇದ್ದಾನೆ.

ನ್ಯಾಯಬೆಲೆ ಅಂಗಡಿ ಇಲ್ಲದಿದ್ದರೆ ಈ ಸ್ಥಿತಿಯಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಪುಕ್ಕಟೆ ಅಕ್ಕಿ ತಿನ್ನುವವರೆಲ್ಲ ಬೇರೆಯವರು ಎಂಬ ಭ್ರಮೆಯೂ ಬೇಡ. ನಮ್ಮ ಸಣ್ಣ ಹಿಡುವಳಿದಾರ ಸದಸ್ಯರಲ್ಲೇ ಬಿ.ಪಿ.ಎಲ್. ಚೀಟಿ ಇರುವವರು ಎಷ್ಟು ಮಂದಿ ಎಂದು ಕೈ ಎತ್ತಿಸಿದರೆ ಸಭೆಯಲ್ಲಿ ಮುಜುಗರವಾದೀತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಲೆಗೆ ಐದು ಕಿಲೋ ಧಾನ್ಯವನ್ನು ಹಕ್ಕು ಎಂದು ಬರೆದಿದೆ, ಅಂತ್ಯೋದಯದ ಮನೆಗಳಿಗೆ ಮೂವತ್ತೈದು ಕಿಲೋ. ಹಕ್ಕಿನ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಎರಡು ವಿಷಯದಲ್ಲಿ: ಬರುವುದು ಏನು, ಮತ್ತು ಸಿಗುವುದು ಎಲ್ಲಿ.

ನಮ್ಮ ಸೀಮೆ ರಾಗಿಯ ಸೀಮೆ. ಅಂಗಡಿಯಲ್ಲಿ ಕೆಲವು ತಿಂಗಳು ರಾಗಿ ಬರುತ್ತದೆ, ಕೆಲವು ತಿಂಗಳು ಬರೀ ಅಕ್ಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹರೆಯದ ಮತ್ತು ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ. ಹೊಟ್ಟೆ ತುಂಬಿದೆ, ರಕ್ತ ತುಂಬಿಲ್ಲ. ಅಕ್ಕಿಯನ್ನು ಹೆಚ್ಚು ಮಾಡಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಬೇಡವಾದ ಅಕ್ಕಿಯನ್ನು ಊರಿಗೆ ಬರುವ ಗಾಡಿಯವನಿಗೆ ಮಾರಿ ಬೇಳೆ ಕೊಳ್ಳುವ ಹೆಂಗಸನ್ನು ಕಳ್ಳಿ ಎಂಬಂತೆ ನೋಡುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪು, ಒಪ್ಪಿದೆ. ಆದರೆ ಸಾರಿಗೆ ಬೇಳೆ ಬೇಕು ಎಂದು ಯೋಚಿಸಿದ್ದು ಅವಳ ತಪ್ಪೆ?

ಎಲ್ಲಿ ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 2023ರ ಜುಲೈಯಿಂದ 2025ರ ಆರಂಭದವರೆಗೆ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತಲ್ಲ, ಆಗ ನಾನು ಒಂದು ಸಂಗತಿ ಗಮನಿಸಿದೆ. ಹಾಸನ ಪಟ್ಟಣದಲ್ಲಿ ಮನೆಗೆಲಸ ಮಾಡುವವರಿಗೆ ಆ ಹಣದಿಂದ ಐದು ಕಿಲೋ ಅಕ್ಕಿ ಸಿಗುತ್ತಿತ್ತು. ನಮ್ಮ ಊರಿನವರಿಗೆ ಅದೇ ಹಣದಿಂದ ಸಿಗುತ್ತಿದ್ದುದು ನಮ್ಮ ಪೆಟ್ಟಿ ಅಂಗಡಿಯಲ್ಲಿ ಏನುಂಟೋ ಅದು. ಬೇರೆ ಬೇಕಾದರೆ ಬ್ಯಾಂಕಿಗೆ ಒಂದು ದಿನ, ಸಂತೆಗೆ ಒಂದು ದಿನ. ಹಣವಿದ್ದರೆ ಆಹಾರವಿದ್ದಂತೆ ಎಂದು ಪಟ್ಟಣದಲ್ಲಿ ಕೂತು ಹೇಳುವುದು ಸುಲಭ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದದ್ದರಿಂದ ಬಸ್ ಇರುವ ಊರಿನವರಿಗೆ ನಿಜವಾಗಿಯೂ ಉಪಕಾರವಾಗಿದೆ. ಸಂತೆಯ ದಿನ ಹಾಸನದ ಬಸ್ಸುಗಳಲ್ಲಿ ಕೈಚೀಲಗಳನ್ನು ನೋಡಿದರೆ ತಿಳಿಯುತ್ತದೆ. ಬಸ್ಸೇ ಬಾರದ ಊರಿಗೆ ಉಚಿತ ಬಸ್ಸಿನಿಂದ ಏನು ಪ್ರಯೋಜನ!

ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1943ರ ಬಂಗಾಳದ ಕ್ಷಾಮವನ್ನು ಆಧಾರವಾಗಿಟ್ಟುಕೊಂಡು, ಜನ ಸಾಯುವುದು ದೇಶದಲ್ಲಿ ಧಾನ್ಯವಿಲ್ಲದೆ ಅಲ್ಲ, ಇರುವ ಧಾನ್ಯ ಅವರ ಕೈಗೆ ಎಟುಕದೆ ಎಂದು ತೋರಿಸಿದರು. ನಮ್ಮ ಹಿರಿಯರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು. 1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಅಂಥ ಬರಗಳನ್ನು ಕಂಡ ಸೀಮೆಯಾದ್ದರಿಂದಲೇ ಇಲ್ಲಿ ಹಗೇವು ಇದ್ದದ್ದು. ನೆಲದೊಳಗೆ ಬಾವಿಯಂತೆ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಆಳು ಇಳಿಯುತ್ತಿದ್ದ. ನಮ್ಮ ತಾತನ ಮನೆಯ ಹಗೇವಿನ ಮೇಲೆ ಈಗ ಅಡಿಕೆ ಬೇಯಿಸುವ ಒಲೆ ಇದೆ.

ಇಲ್ಲಿ ಕೆಲವರು ಕೇಳಬಹುದು: ಹಗೇವಿನ ಕಾಲ ಮುಗಿಯಿತು, ಕಾಫಿಗೆ ಇಂಥ ಬೆಲೆ ಬಂದಿರುವಾಗ ಈ ಹಳೆಯ ರಾಗ ಏಕೆ? 2024, 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದದ್ದು ನಿಜ. ಆದರೆ 2001, 2002ನೇ ಇಸವಿಗಳನ್ನು ಮರೆತವರುಂಟೆ? ಕೊಯ್ಲಿನ ಕೂಲಿಯೂ ಹುಟ್ಟದೆ ಗಿಡದಲ್ಲೇ ಹಣ್ಣು ಬಿಟ್ಟವರು ನಮ್ಮಲ್ಲಿದ್ದಾರೆ. ಆ ಎರಡು ವರ್ಷ ಯಾರು ಸಾಲಕ್ಕೆ ಹೋಗದೆ ಉಳಿದರೆಂದು ನೆನೆದು ನೋಡಿ. ತೋಟದ ಕೆಳಗೆ ಒಂದು ತುಂಡು ಭತ್ತದ ಗದ್ದೆ ಇಟ್ಟುಕೊಂಡಿದ್ದವರು. ಅಡಿಕೆಗಂತೂ ಎಲೆಚುಕ್ಕಿ, ಕೊಳೆರೋಗ, ಹೊರದೇಶದ ಅಡಿಕೆ, ನ್ಯಾಯಾಲಯದ ಪ್ರಕರಣ, ಹೀಗೆ ಭಯಗಳ ಒಂದು ಸಂತೆಯೇ ಇದೆ. ಇಷ್ಟು ಅನಿಶ್ಚಿತವಾದ ಎರಡು ಬೆಳೆಗಳ ಮೇಲೆ ಮನೆಯ ಊಟವನ್ನೂ ಕಟ್ಟಿಹಾಕುವುದು ಜಾಣತನವಲ್ಲ.

ಎಷ್ಟು ನೆಲ ಬೇಕು? ಲೆಕ್ಕ ಸರಳ. ಐದು ಜನರ ಮನೆಗೆ ದಿನಕ್ಕೆ ಒಂದೂಕಾಲು ಕಿಲೋ ಹಿಟ್ಟು ಹಿಡಿದರೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ರಾಗಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದ “ರಾಗಿ ಲಕ್ಷ್ಮಣಯ್ಯ”ನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ, ಅನಂತರ ಜಿ.ಪಿ.ಯು. 28ರಂಥ ತಳಿಗಳು ಬಂದ ಮೇಲೆ, ಒಳ್ಳೆಯ ಮಳೆಯಾದ ವರ್ಷ ಸಾಲು ಹಿಡಿದು ನೆಟ್ಟರೆ ಇಪ್ಪತ್ತು ಗುಂಟೆಯಲ್ಲಿ ಅಷ್ಟು ರಾಗಿ ತೆಗೆಯುವುದು ಕಷ್ಟವಲ್ಲ. ನಡುವೆ ಅವರೆ, ತೊಗರಿಯ ಅಕ್ಕಡಿ ಹಾಕಿದರೆ ಬೇಳೆಯೂ ಬಂತು. ಹಂದಿ, ನವಿಲು, ಮಂಗಗಳ ಕಾಟ ಉಂಟು. ಒಬ್ಬನೇ ಬಿತ್ತಿದರೆ ಊರಿನ ಹಂದಿಗಳೆಲ್ಲ ಅವನ ಹೊಲಕ್ಕೇ. ಅಕ್ಕಪಕ್ಕದ ನಾಲ್ಕು ಮಂದಿ ಒಂದೇ ಕಡೆ ಬಿತ್ತಿದರೆ ಕಾವಲು ಹಗುರ. ಇದು ನನ್ನ ಉಪದೇಶವಲ್ಲ, 2025ರ ಮುಂಗಾರಿನಲ್ಲಿ ಒಬ್ಬನೇ ಬಿತ್ತಿ ಕೈಸುಟ್ಟುಕೊಂಡವನ ಅನುಭವ.

ಇನ್ನು ನಮ್ಮ ಸಂಘದ ಮಾತು. ನಮ್ಮ ಗೋದಾಮಿನಲ್ಲಿ ಮೈಲುತುತ್ತ ಇದೆ, ಸುಣ್ಣವಿದೆ, ಯೂರಿಯಾ, ಪೊಟ್ಯಾಷ್ ಇವೆ, ದೋಟಿ, ತಾಡಪಾಲು ಇವೆ. ಒಂದು ಸೇರು ರಾಗಿ ಇಲ್ಲ. ಗಿಡಕ್ಕೆ ಬೇಕಾದ ಊಟವೆಲ್ಲ ಇದೆ, ಗಿಡ ಸಾಕುವವನ ಊಟವಿಲ್ಲ! ನಮ್ಮ ಹಳ್ಳಿಗಳ ಜನ ನ್ಯಾಯಬೆಲೆ ಅಂಗಡಿಯನ್ನು ಇಂದಿಗೂ “ಸೊಸೈಟಿ” ಎಂದೇ ಕರೆಯುತ್ತಾರೆ, ಗಮನಿಸಿದ್ದೀರಾ? ಒಂದು ಕಾಲದಲ್ಲಿ ಸಹಕಾರ ಸಂಘಗಳೇ ಅದನ್ನು ನಡೆಸುತ್ತಿದ್ದುದರಿಂದ ಬಂದ ಹೆಸರು ಅದು. ಎಷ್ಟೋ ಕಡೆ ಅಂಗಡಿ ಖಾಸಗಿಯವರ ಕೈಗೆ ಹೋಗಿದೆ, ಹೆಸರು ಮಾತ್ರ ನಮ್ಮದು ಉಳಿದಿದೆ. ಜನರು ಅಷ್ಟು ವರ್ಷ ಬಿಡದೆ ಇಟ್ಟುಕೊಂಡ ಹೆಸರಿಗೆ ತಕ್ಕ ಕೆಲಸವನ್ನು ನಾವು ಮತ್ತೆ ಏಕೆ ಮಾಡಬಾರದು?

ನಾನು ಯೋಚಿಸಿರುವುದು ಹೀಗೆ. ಜನವರಿ, ಫೆಬ್ರವರಿಯಲ್ಲಿ ಕಣದಿಂದ ಬಂದ ರಾಗಿಯನ್ನು ಮಾರಬೇಕೆನ್ನುವ ಸದಸ್ಯರಿಂದ ಬೆಂಬಲ ಬೆಲೆಗೆ ಕಡಿಮೆಯಿಲ್ಲದಂತೆ ಸಂಘವೇ ಕೊಂಡು ಗೋದಾಮಿನ ಒಂದು ಮೂಲೆಯಲ್ಲಿಡಲಿ. ಅದನ್ನು ವರ್ಷಪೂರ್ತಿ, ಸಾಗಣೆ ಮತ್ತು ಸವಕಳಿಯ ಖರ್ಚು ಮಾತ್ರ ಸೇರಿಸಿ, ಸದಸ್ಯರಿಗೂ ಸದಸ್ಯರ ತೋಟದಲ್ಲಿ ದುಡಿಯುವವರಿಗೂ ಮಾರಲಿ. ಹತ್ತು ಕಿಲೋ ಬೇಕಾದವರಿಗೆ ಹತ್ತು ಕಿಲೋ. ಕೈಯಲ್ಲಿ ಕಾಸಿಲ್ಲದವರಿಗೆ ಸದಸ್ಯನ ಖಾತೆಗೆ ಬರೆದು, ಅವನು ವಾರದ ಬಟವಾಡೆಯಲ್ಲಿ, ಆಳಿನ ಒಪ್ಪಿಗೆ ಇದ್ದರೆ ಮಾತ್ರ, ಹಿಡಿದುಕೊಳ್ಳಲಿ. ಈ ಒಪ್ಪಿಗೆಯ ಮಾತನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಧಾನ್ಯದ ಸಾಲದಲ್ಲಿ ಆಳನ್ನು ಕಟ್ಟಿಹಾಕಿದ ಕಥೆಗಳು ಈ ಜಿಲ್ಲೆಗೆ ಹೊಸವಲ್ಲ.

ನ್ಯಾಯಬೆಲೆ ಅಂಗಡಿಯವರೊಡನೆ ಮತ್ತು ತಾಲ್ಲೂಕು ಆಹಾರ ಶಾಖೆಯೊಡನೆ ಸಂಘದ ಆಡಳಿತ ಮಂಡಳಿ ಮಾತನಾಡಿ, ತಿಂಗಳಲ್ಲಿ ಎರಡು ದಿನವಾದರೂ ಸಂಜೆ ಐದರಿಂದ ಎಂಟರವರೆಗೆ ಅಥವಾ ಭಾನುವಾರ ಪಡಿತರ ಕೊಡುವ ಏರ್ಪಾಡು ಮಾಡಿಸಬೇಕು. ದೂರದ ಊರುಗಳಿಗೆ ಸಂಘದ ಗೊಬ್ಬರದ ಗಾಡಿ ಹೇಗೂ ಹೋಗುತ್ತದೆ. ಯಂತ್ರವನ್ನೂ ಮೂಟೆಗಳನ್ನೂ ಆ ಗಾಡಿಯಲ್ಲಿ ಕೊಂಡೊಯ್ದು ಊರಲ್ಲೇ ಹಂಚಲು ಅನುಮತಿ ಕೇಳಬಹುದು. ಕೊಡುತ್ತಾರೋ ಇಲ್ಲವೋ, ಕೇಳದೆ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ: ಪಡಿತರದ ದಿನ ಆಳಿಗೆ ಅರ್ಧ ದಿನ ಸಂಬಳ ಹಿಡಿಯದೆ ಬಿಡುವುದು. ಅದಕ್ಕೆ ಯಾರ ಅನುಮತಿಯೂ ಬೇಡ.

ಸಕಲೇಶಪುರ, ಆಲೂರಿನ ಕಡೆ ತೋಟವಿರುವ ಸದಸ್ಯರಿಗೆ ಇನ್ನೊಂದು ವಿಷಯ. ಈಗ ಕೊಯ್ಲಿಗೆ ಅಸ್ಸಾಮಿನಿಂದ, ಇತರ ರಾಜ್ಯಗಳಿಂದ ಜನ ಬರುತ್ತಿದ್ದಾರೆ. “ಒಂದು ದೇಶ ಒಂದು ಪಡಿತರ ಚೀಟಿ” ವ್ಯವಸ್ಥೆಗೆ ಕರ್ನಾಟಕ 2020ರಲ್ಲೂ, ಅಸ್ಸಾಂ ಎಲ್ಲರಿಗಿಂತ ಕೊನೆಯದಾಗಿ 2022ರ ಜೂನ್‌ನಲ್ಲೂ ಸೇರಿದವು. ಆದುದರಿಂದ ತಮ್ಮ ಊರಿನಲ್ಲಿ ಆಹಾರ ಭದ್ರತಾ ಕಾಯ್ದೆಯ ಚೀಟಿ ಇರುವವರು ಇಲ್ಲಿಯ ಅಂಗಡಿಯಲ್ಲೂ ತಮ್ಮ ಪಾಲಿನ ಐದು ಕಿಲೋ ಪಡೆಯಬಹುದು. ಇದು ಎಷ್ಟು ಮಾಲೀಕರಿಗೆ ಗೊತ್ತು? ಭಾಷೆ ಬಾರದ ಆ ಹುಡುಗರು ತೋಟದಿಂದ ಪೇಟೆಗೆ ಬಂದು ದುಬಾರಿ ಬೆಲೆಗೆ ಅಕ್ಕಿ ಹೊತ್ತುಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ಬಾರಿ ಜೊತೆಗೆ ಹೋಗಿ ಅಂಗಡಿಯವನಿಗೆ ಪರಿಚಯ ಮಾಡಿಕೊಡುವುದು ಮಾಲೀಕನಿಗೆ ಒಂದು ಗಂಟೆಯ ಕೆಲಸ. ಹೊಳೆನರಸೀಪುರ, ಅರಕಲಗೂಡಿನಿಂದ ಹೋಗಿ ಲೈನುಮನೆಗಳಲ್ಲಿ ತಿಂಗಳುಗಟ್ಟಲೆ ಇರುವ ನಮ್ಮವರೇ ಪಡಿತರಕ್ಕೆಂದು ಊರಿಗೆ ಓಡಿಬರುತ್ತಾರೆ. ಅವರೂ ಅಲ್ಲಿಯೇ ತೆಗೆದುಕೊಳ್ಳಬಹುದು.

ಆಗ ನಮ್ಮ ತೋಟದ ಆ ಹೆಣ್ಣುಮಗಳಿಗೆ ನಾನು ಎರಡು ದಿನದ ಕೂಲಿಯನ್ನು ಹಬ್ಬಕ್ಕೆ ಮುಂಚೆ ಕೊಟ್ಟೆ. “ಯಾಕಣ್ಣ?” ಎಂದಳು. ಸರಿಯಾದ ಉತ್ತರ ತೋಚದೆ, “ಸೀರೆಗೆ ಇಟ್ಟುಕೋ” ಎಂದೆ. ಆಕೆ ಅದರಲ್ಲಿ ಎರಡು ಕಿಲೋ ತೊಗರಿ ಬೇಳೆ ತಂದಳೆಂದು ಆಮೇಲೆ ನನ್ನ ಹೆಂಡತಿ ಹೇಳಿದಳು.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ರಾಗಿ ದಾಸ್ತಾನಿನ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಐದು ಮಂದಿ ಸದಸ್ಯರ ಸಹಿ ಇದ್ದರೆ ಮಾತಿಗೆ ಬಲ ಬರುತ್ತದೆ. ಈಗ ಇರುವುದು ಎರಡು. ಮುಂದಿನ ಮುಂಗಾರಿಗೆ ನಾನು ಇಪ್ಪತ್ತು ಗುಂಟೆ ರಾಗಿಗೆ ಬಿಟ್ಟಿದ್ದೇನೆ, ಪಕ್ಕದ ಹೊಲದವರೂ ಹತ್ತು ಗುಂಟೆಗೆ ಒಪ್ಪಿದ್ದಾರೆ, ಹಂದಿ ಕಾವಲು ಸರದಿಯಲ್ಲಿ. ದಾಸ್ತಾನಿನ ಪಟ್ಟಿ ಆರಂಭವಾದರೆ ನನ್ನ ಹೆಸರಿನ ಮುಂದೆ ಎರಡು ಕ್ವಿಂಟಲ್ ಎಂದು ಬರೆದುಕೊಳ್ಳಿ.